ಸೈಟಿನ ಜೊತೆ ಊರು ಬರುವುದಿಲ್ಲ

ನಮ್ಮ ಬೆಂಗಳೂರು ಗ್ರಾಮಾಂತರದಲ್ಲಿ ಈಗ ಮುಖ್ಯವಾಗಿ ಎರಡು ಪಂಗಡ. ಜಮೀನು ಕೊಟ್ಟವರು, ಸೈಟು ಕೊಂಡವರು. ಕೊಟ್ಟವರು ಅರಳಿಕಟ್ಟೆಯ ಮೇಲೆ ಕೂತು ಕಾಂಪೌಂಡ್ ನೋಡುತ್ತಾರೆ. ಕೊಂಡವರು ಕಾಂಪೌಂಡಿನ ಒಳಗೆ ಕೂತು ಲೇಔಟಿನ ವಾಟ್ಸ್ಆ್ಯಪ್ ಗುಂಪು ನೋಡುತ್ತಾರೆ. ನಡುವೆ ಒಂದು ಗೇಟು, ಒಬ್ಬ ಸೆಕ್ಯುರಿಟಿ, ಎರಡು ಕ್ಯಾಮೆರಾ. ಮೂರನೆಯ ಪಂಗಡವೂ ಒಂದಿದೆ. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ ಕಡೆಯ ಕಾರ್ಖಾನೆಗಳಿಗೆ ದೂರದಿಂದ ಬಂದು, ಶೀಟಿನ ಮನೆಯ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಮಲಗಿ ಏಳುವ ಹುಡುಗರು. ಅವರನ್ನು ಉಳಿದಿಬ್ಬರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೂವರೂ ಒಟ್ಟಿಗೆ ಕಾಣುವುದು ಸಂಜೆ ಬೇಕರಿಯ ಮುಂದೆ, ಅದೂ ಬೇರೆ ಬೇರೆ ಮೂಲೆಯಲ್ಲಿ.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಭೂಮಿಯ ಬೆಲೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಊರುಗಳಿಗೆ ಏನಾಯಿತು ಎಂಬುದನ್ನು ಅಷ್ಟು ಕಾಳಜಿಯಿಂದ ಯಾರೂ ಕೇಳಲಿಲ್ಲ. ಇಲ್ಲಿ ಹತ್ತು ವರ್ಷದಿಂದ ಮನೆ ಮಾಡಿಕೊಂಡಿರುವವರನ್ನು ‘ನಿಮ್ಮೂರು ಯಾವುದು’ ಎಂದು ಕೇಳಿ ನೋಡಿ. ಹಾಸನ, ಕಡಪ, ಜಯನಗರ ಎನ್ನುತ್ತಾರೆ. ಸೈಟಿನ ಸೇಲ್ ಡೀಡಿನಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದಿರುತ್ತದೆ, ಊರು ಮಾತ್ರ ಅದರ ಜೊತೆ ಬರುವುದಿಲ್ಲ. ಅದನ್ನು ಬೇರೆಯಾಗಿ ಸಂಪಾದಿಸಿಕೊಳ್ಳಬೇಕು. ನನಗೆ ಕಂಡಂತೆ ಅದಕ್ಕಿರುವುದು ಒಂದೇ ದಾರಿ: ಸಂಬಳವಿಲ್ಲದ, ಯಾರೂ ಹೇಳದ, ಊರಿಗೆ ಬೇಕಾದ ಒಂದು ಕೆಲಸಕ್ಕೆ ಕೈ ಹಾಕುವುದು. ಸ್ವಯಂಸೇವೆಯ ಲಾಭಗಳ ಬಗ್ಗೆ ಭಾಷಣ ಬಹಳ ಕೇಳಿದ್ದೇವೆ. ಈ ಲಾಭವನ್ನು ಯಾರೂ ಹೇಳುವುದಿಲ್ಲ.

ಸ್ವಯಂಸೇವೆ ನಮ್ಮ ಕಡೆಗೆ ಹೊಸದೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ, ನೀರು ಮಜ್ಜಿಗೆ ಹಂಚುವವರು, ಪಂಕ್ತಿಯಲ್ಲಿ ಬಡಿಸುವವರು, ಎಲೆ ಎತ್ತುವವರು ಯಾವ ಪಟ್ಟಿಯಲ್ಲೂ ಹೆಸರಿಲ್ಲದವರೇ. ರಾಮನವಮಿಗೆ ಬಸ್‌ ಸ್ಟ್ಯಾಂಡಿನ ಪಕ್ಕ ಅರವಂಟಿಗೆ ಹಾಕಿ ಪಾನಕ, ಕೋಸಂಬರಿ ಕೊಡುವ ಹುಡುಗರಿಗೆ ‘ನೀವು ವಾಲಂಟಿಯರ್ಸಾ?’ ಎಂದರೆ ನಗುತ್ತಾರೆ. ರಾಗಿ ಕೊಯ್ಲಿಗೆ ಮುಯ್ಯಾಳು ಹೋಗುವುದು ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಇದೆಲ್ಲ ಗೊತ್ತಿದ್ದವರ ನಡುವಿನ ವ್ಯವಹಾರ. ಇವತ್ತು ನಿನ್ನ ಹೊಲಕ್ಕೆ ಬಂದೆ, ನಾಳೆ ನನ್ನ ಹೊಲಕ್ಕೆ ನೀನು. ಹೊಲವೇ ಇಲ್ಲದವನು ಈ ಲೆಕ್ಕದೊಳಗೆ ಬರುವುದು ಹೇಗೆ? ಹೊಸಬರ ತೊಡಕು ಇರುವುದು ಇಲ್ಲಿ.

ಒಂದು ಗುಂಪು ಇದಕ್ಕೆ ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಅವರು ಕಲ್ಲು ಹುಡುಕಿಕೊಂಡು ಬಂದರು.

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂತು. ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಎಲ್ಲ ಸೇರಿದ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಯಾವ ಊರಿನ ಯಾವ ದೇವಸ್ಥಾನದ ಯಾವ ದಿಕ್ಕಿನಲ್ಲಿ, ಯಾರ ಹೊಲದಲ್ಲಿ ಕಲ್ಲು ನಿಂತಿದೆ ಎಂಬುದೂ ದಾಖಲಾಗಿದೆ. ಅದಾಗಿ ನೂರು ವರ್ಷ ಕಳೆಯಿತು. ಹೊಲ ಲೇಔಟಾಯಿತು, ಕಾಲುದಾರಿ ಹೆದ್ದಾರಿಯಾಯಿತು. ಕಲ್ಲು ಎಲ್ಲಿ ಹೋಯಿತು? ವೃತ್ತಿಯಿಂದ ಎಂಜಿನಿಯರ್ ಆದ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು 2017ರ ಸುಮಾರಿಗೆ ಈ ಪ್ರಶ್ನೆ ಹಿಡಿದು ಹೊರಟರು. ಯಾರೂ ಕಳಿಸಿದವರಲ್ಲ, ಯಾರೂ ಸಂಬಳ ಕೊಟ್ಟವರಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆದಾಗ ಸಿಕ್ಕ ಕಲ್ಲನ್ನು ಗುರುತಿಸಿ ಉಳಿಸಿದ್ದು ಇಂಥ ಆಸಕ್ತರ ಕಣ್ಣೇ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಅದು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ ಎಂದು ಈಗ ಎಲ್ಲರೂ ಹೇಳುತ್ತಾರೆ. ಮುಂದೆ 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಈ ಕೆಲಸವನ್ನು ಒಂದು ಯೋಜನೆಯಾಗಿಯೇ ಕೈಗೆತ್ತಿಕೊಂಡಿತು. ಕಲ್ಲಿಗೆ ಸ್ಕ್ಯಾನರ್ ಹಿಡಿದು ಮೂರು ಆಯಾಮದಲ್ಲಿ ದಾಖಲಿಸುವ ಕೆಲಸ, ಬೆಂಗಳೂರು ನಗರ, ಗ್ರಾಮಾಂತರ, ರಾಮನಗರ ಮೂರೂ ಕಡೆ.

ಸ್ಕ್ಯಾನರ್ ಆಮೇಲಿನ ಮಾತು. ಮೊದಲು ಕಲ್ಲು ಸಿಗಬೇಕಲ್ಲ. ಜಿಪಿಎಸ್‌ಗೆ ಅದು ಗೊತ್ತಿಲ್ಲ, ಲೇಔಟಿನವರಿಗೆ ಗೊತ್ತಿಲ್ಲ, ಪಿಡಿಒಗೂ ಗೊತ್ತಿಲ್ಲ. ಗೊತ್ತಿರುವುದು ದನ ಮೇಯಿಸಿದ ಯಜಮಾನರಿಗೆ. ‘ಬರೆಹ ಇರೋ ಕಲ್ಲಾ? ಅಗೋ ಅಲ್ಲಿ, ಮುನೇಶ್ವರ ಅಂತ ಪೂಜೆ ಮಾಡ್ತೀವಲ್ಲ, ಅದೇಯ. ಮೆಟ್ಟು ಬಿಟ್ಟು ಬನ್ನಿ.’ ಹೋಗಿ ನೋಡಿದರೆ ಅರಿಶಿನ, ಕುಂಕುಮ, ಎಣ್ಣೆ, ಅದರ ಮೇಲೆ ಭಕ್ತರು ಬಳಿಸಿದ ಆಯಿಲ್ ಪೇಂಟು. ಇನ್ನೊಂದು ಊರಿನಲ್ಲಿ ಅದೇ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಮತ್ತೊಂದು ಕಡೆ ಚರಂಡಿಯ ಹಾಸು. ಇನ್ನೆಲ್ಲೋ ‘ನಿಧಿ ಇರೋ ಗುರುತು’ ಎಂದು ರಾತ್ರಿಯಲ್ಲಿ ಬುಡ ಅಗೆದು ಒಡೆದುಹಾಕಿರುತ್ತಾರೆ.

ಕಲ್ಲನ್ನು ಓದುವ ಕ್ರಮವನ್ನು ನೋಡಿಯೇ ಕಲಿಯಬೇಕು. ಬರೀ ನೀರು ಹಾಕಿ, ಮೆತ್ತನೆಯ ನಾರಿನ ಬ್ರಷ್‌ನಿಂದ ಮೆಲ್ಲಗೆ ತಿಕ್ಕಬೇಕು. ತಂತಿಯ ಬ್ರಷ್ ಮುಟ್ಟಿಸಿದರೆ ಸಾವಿರ ವರ್ಷದ ಅಕ್ಷರ ಒಂದೇ ನಿಮಿಷಕ್ಕೆ ಹೋಯಿತು. ನಡುಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಓರೆ ಬಿಸಿಲು ಬಿದ್ದಾಗ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದಾಗ, ಬೋಳು ಕಲ್ಲಿನಲ್ಲಿ ಒಂದೊಂದೇ ಗೆರೆ ನೆರಳು ಪಡೆದು ಎದ್ದು ನಿಲ್ಲುತ್ತದೆ. ಸುತ್ತ ಹುಡುಗರು ಸೇರುತ್ತಾರೆ. ‘ಏನ್ ಬರ್ದೈತೆ ಸಾರ್?’ ಅದನ್ನು ಓದಿ ಹೇಳಿದ ಮೇಲೆ ಆ ಊರಿನಲ್ಲಿ ಎರಡು ಬದಲಾವಣೆ ಆಗುತ್ತದೆ. ಕಲ್ಲಿಗೆ ಒಂದು ಕಟ್ಟೆ ಬರುತ್ತದೆ. ಓದಿದವನಿಗೆ ಆ ಊರಿನಲ್ಲಿ ಒಂದು ಲೋಟ ಕಾಫಿ ಖಾಯಂ ಆಗುತ್ತದೆ.

ಸೈಟು ಕೊಂಡವನಿಗೆ ಸಿಗದ ಊರು ಕಲ್ಲು ತೊಳೆದವನಿಗೆ ಸಿಕ್ಕಿದ್ದು ಹೀಗೆ. ಹೊರಗಿನವನಿಗೆ ಲಿಪಿ ಗೊತ್ತು, ಒಳಗಿನವನಿಗೆ ಜಾಗ ಗೊತ್ತು, ಒಬ್ಬನಿಲ್ಲದೆ ಇನ್ನೊಬ್ಬನಿಗೆ ಕೆಲಸ ಸಾಗುವುದಿಲ್ಲ. ಸ್ವಯಂಸೇವೆಯ ಹೆಸರಿನಲ್ಲಿ ಆಗುವ ಎಷ್ಟೋ ಕೆಲಸಗಳಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ನೋಟ್‌ಬುಕ್ ಹಂಚುವ ಕಾರ್ಯಕ್ರಮದಲ್ಲಿ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರ, ಶ್ರೀಪುರುಷ ರಾಜಧಾನಿ ಮಾಡಿಕೊಂಡಿದ್ದ ಊರು. ಅಲ್ಲಿನವರ ಮುಂದೆ ಯಾವ ಸಮಾಜಸೇವಕ ತಾನೇ ಎತ್ತರದಲ್ಲಿ ನಿಂತಾನು?

ಆ ಕಲ್ಲುಗಳು ಏನು ಹೇಳುತ್ತವೆ ಎಂಬುದೂ ನಮ್ಮ ವಿಷಯಕ್ಕೆ ಬೇಕು. ನಮ್ಮ ನಾಡಿನ ಎಷ್ಟೋ ಶಾಸನಗಳ ವಸ್ತು ಕೆರೆ. ಕೆರೆ ಕಟ್ಟಿದವನಿಗೆ, ಒಡೆದ ಏರಿ ಕಟ್ಟಿಸಿದವನಿಗೆ, ತೂಬು ಇಡಿಸಿದವನಿಗೆ ಕೆರೆಯ ಕೆಳಗೆ ಇಷ್ಟು ಗದ್ದೆ ಬಿಟ್ಟಿದೆ ಎಂಬ ಲೆಕ್ಕ. ಬಿತ್ತುವಟ್ಟ, ಕಟ್ಟುಕೊಡಗೆ ಎಂದೆಲ್ಲ ಅದಕ್ಕೆ ಹೆಸರು. ನೀರು ಬಿಡುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಸಿಗುತ್ತಿತ್ತು. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುತ್ತಿಲ್ಲ. ಅದೇ ಊರುಗಳಲ್ಲಿ ಜಾತಿಯ ಹೆಸರಿನಲ್ಲಿ ಬಿಟ್ಟಿ ಚಾಕರಿಯೂ ಇತ್ತು, ಅದನ್ನು ಸೇವೆ ಎಂದೇ ಕರೆಯುತ್ತಿದ್ದರು. ಆದರೆ ದಿನವೂ ಆಗಲೇಬೇಕಾದ ಕೆಲಸಕ್ಕೆ ಕೂಲಿ ಕೊಡಬೇಕು ಎಂಬ ತಿಳಿವಳಿಕೆಯನ್ನು ಆ ಕಾಲದವರು ಕಲ್ಲಿನಲ್ಲೇ ಕೊರೆದಿಟ್ಟರು.

ಇದನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಮನೆಗೆ ಹೋಗುವ, ಮಗುವಿಗೆ ಲಸಿಕೆ ಹಾಕಿಸುವ, ಕೋವಿಡ್ ಕಾಲದಲ್ಲಿ ಮನೆ ಮನೆ ಅಲೆದ ಆಶಾ ಕಾರ್ಯಕರ್ತೆ ಸರ್ಕಾರದ ಕಡತದಲ್ಲಿ ನೌಕರಳಲ್ಲ, ಸ್ವಯಂಸೇವಕಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅವರನ್ನು ಆರಿಸಿದರು. ಸ್ವಯಂಸೇವಕಿ ಆದ್ದರಿಂದ ಸಂಬಳವಿಲ್ಲ, ಗೌರವಧನ. ಆ ಗೌರವಧನ ಸಾಲದೆಂದು 2025ರ ಜನವರಿಯ ಚಳಿಯಲ್ಲಿ ಸಾವಿರಾರು ಜನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಸ್ವಯಂಸೇವೆಯನ್ನು ಹೊಗಳುವ ಸಚಿವರ ಭಾಷಣ ಕೇಳುವಾಗ ನಾನು ಪ್ರತಿ ಸಲ ಈ ಹೆಂಗಸರನ್ನು ನೆನೆಯುತ್ತೇನೆ. ಮನಸ್ಸು ಬಂದಾಗ ಬಿಡಬಹುದಾದರೆ ಅದು ಸೇವೆ. ಬಿಟ್ಟರೆ ಮೇಲಿನವರಿಂದ ನೋಟಿಸ್ ಬರುವುದಾದರೆ ಅದು ಉದ್ಯೋಗ, ಸಂಬಳ ಕೊಡಿ.

ಸರಿ, ಕೆರೆಗೆ ಬರೋಣ. ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿಕೊಂಡು ಹೋಗಬೇಕಾದವಳು. ದಕ್ಷಿಣ ಪಿನಾಕಿನಿಯದೂ ಹೊಸಕೋಟೆ ಕಡೆ ಅದೇ ಕಥೆ. ಹಾಗಾಗಿ ಇಲ್ಲಿ ಸ್ವಯಂಸೇವೆ ಎಂದರೆ ಭಾನುವಾರದ ಕೆರೆ ಸ್ವಚ್ಛತೆ ಎಂದಾಗಿಬಿಟ್ಟಿದೆ. ಒಂದೇ ಬಣ್ಣದ ಟೀ ಶರ್ಟು, ಕೈಗವಸು, ಬ್ಯಾನರು, ಹತ್ತು ಗಂಟೆಗೆ ತಟ್ಟೆ ಇಡ್ಲಿ. ಕಂಪನಿಯ ಬಸ್ ಹನ್ನೊಂದಕ್ಕೆ ಹೊರಡುತ್ತದೆ. ಚೀಲ ಚೀಲ ಪ್ಲಾಸ್ಟಿಕ್ ಎತ್ತಿರುತ್ತಾರೆ, ಅದನ್ನು ಹಳಿಯುವಂತಿಲ್ಲ. ಆದರೆ ಕೆರೆಯನ್ನು ಕೊಲ್ಲುತ್ತಿರುವುದು ದಡದ ಮೇಲಿನ ಬಿಸ್ಕತ್ತಿನ ಕವರಲ್ಲ, ಒಳಗೆ ಬರುತ್ತಿರುವ ಚರಂಡಿ ಮತ್ತು ಕಾರ್ಖಾನೆಯ ನೀರು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಳಿಂದ ಕೂಗುತ್ತಿರುವುದು ಇದನ್ನೇ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೆರೆಗೆ ಬಂದಾಗ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಕೇಳಿದವರೂ ಇಲ್ಲಿನ ಸಾಮಾನ್ಯ ಜನವೇ. ಅರ್ಜಿ ಬರೆಯುವುದು, ನೀರಿನ ಮಾದರಿ ತುಂಬಿಸಿ ಪರೀಕ್ಷೆಗೆ ಕೊಡುವುದು, ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲಲ್ಲಿ ಕಾಯುವುದು, ಮಾಹಿತಿ ಹಕ್ಕಿನ ಉತ್ತರಕ್ಕೆ ಮೇಲ್ಮನವಿ ಹಾಕುವುದು. ಇದಕ್ಕೆ ಟೀ ಶರ್ಟ್ ಇಲ್ಲ, ಯಾರೂ ಇದನ್ನು ಸ್ವಯಂಸೇವೆ ಎಂದೂ ಕರೆಯುವುದಿಲ್ಲ. ನನ್ನ ಕೇಳಿದರೆ ಇದೇ ಅಸಲಿ. ಲೇಔಟುಗಳಲ್ಲಿ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರಿದ್ದಾರೆ, ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ಕಸ ಎತ್ತುವ ಭಾನುವಾರ ಬೇಕಾದರೆ ಬಿಡಿ ಸ್ವಾಮಿ, ಆ ಅರ್ಜಿ ಬರೆದುಕೊಡಿ.

ಗಿಡ ನೆಡುವುದರಲ್ಲೂ ಇದೇ ಮಾತು. ವನಮಹೋತ್ಸವ 1950ರಿಂದ ನಡೆಯುತ್ತಿದೆ, ಅದೇ ಗುಂಡಿಗೆ ವರ್ಷ ವರ್ಷ ಗಿಡ ನೆಡುವ ಇಲಾಖೆಗಳೂ ಇವೆ. ಸಾಲುಮರದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು 4 ಕಿಲೋಮೀಟರ್ ಆಲ ನೆಟ್ಟಾಗ ಆ ಊರು ನಮ್ಮ ಜಿಲ್ಲೆಯ ನೆಲವೇ. ಅದು ಸೇರಿದ ರಾಮನಗರ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಆ 385 ಮರಗಳ ಗುಟ್ಟು ನೆಟ್ಟದ್ದರಲ್ಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದರಲ್ಲಿದೆ, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದ್ದರಲ್ಲಿದೆ, ಮರುವರ್ಷ ಮತ್ತೆ ಹೋದದ್ದರಲ್ಲಿದೆ. 2025ರ ನವೆಂಬರ್‌ನಲ್ಲಿ ಆ ತಾಯಿ ತೀರಿಕೊಂಡಾಗ ಅವರಿಗೆ 114 ವರ್ಷ.

ಇಷ್ಟು ವರ್ಷ ಬದುಕಲು ಮರ ನೆಟ್ಟದ್ದೇ ಕಾರಣವೇ ಎಂದು ಕೇಳುವವರಿದ್ದಾರೆ. ಒಬ್ಬರ ಆಯಸ್ಸಿನಿಂದ ಲೆಕ್ಕ ಹಾಕಬಾರದು. ಆದರೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದ ಸಾವಿರಾರು ಜನರನ್ನು ಮುಪ್ಪಿನವರೆಗೂ ಹಿಂಬಾಲಿಸಿದ ಒಂದು ಅಧ್ಯಯನವಿದೆ. ಸಾರಾ ಕಾನ್ರಾತ್ ಮತ್ತು ಸಂಗಡಿಗರು ಅದರ ಅಂಕಿಅಂಶ ಹಿಡಿದು 2012ರಲ್ಲಿ ಒಂದು ಸೊಗಸಾದ ಸಂಗತಿ ತೋರಿಸಿದರು. ಅಧ್ಯಯನದಲ್ಲಿದ್ದವರನ್ನು 2004ರಲ್ಲಿ ‘ನೀವು ಸ್ವಯಂಸೇವೆ ಯಾಕೆ ಮಾಡುತ್ತೀರಿ’ ಎಂದು ಕೇಳಲಾಗಿತ್ತು. ನಾಲ್ಕು ವರ್ಷದ ನಂತರ ನೋಡಿದರೆ, ಸೇವೆ ಮಾಡದವರಲ್ಲಿ ತೀರಿಹೋದವರು ಶೇ 4.3. ತಮ್ಮ ಖುಷಿಗೆ, ತಮ್ಮ ನೆಮ್ಮದಿಗೆ ಎಂದು ಸೇವೆ ಮಾಡಿದವರಲ್ಲಿ ಶೇ 4, ಹೆಚ್ಚುಕಮ್ಮಿ ಅಷ್ಟೇ. ಬೇರೆಯವರಿಗಾಗಿ ಎಂದು ಮಾಡಿದವರಲ್ಲಿ ಶೇ 1.6. ಗಟ್ಟಿಮುಟ್ಟಾಗಿದ್ದವರೇ ಸೇವೆಗೆ ಹೋಗಿರಬಹುದಲ್ಲ ಎಂಬ ಅನುಮಾನ ನ್ಯಾಯವಾದದ್ದೇ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಅಂದರೆ ‘ಸೇವೆ ಮಾಡಿ, ನಿಮ್ಮ ಆರೋಗ್ಯಕ್ಕೆ ಒಳ್ಳೆಯದು’ ಎಂಬ ಜಾಹೀರಾತನ್ನು ನಂಬಿ ಹೋದವನಿಗೆ ಲಾಭವಿಲ್ಲ. ಈ ಅಂಕಣ ಓದಿ ಆಯಸ್ಸು ಹೆಚ್ಚಿಸಿಕೊಳ್ಳಲು ಹೊರಟವರು ದಯವಿಟ್ಟು ಮನೆಯಲ್ಲೇ ಇರಿ.

ಒಂಟಿತನದ ಮಾತು ಬೇರೆ. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ನಮ್ಮ ಲೇಔಟುಗಳ ಮೂರನೇ ಮಹಡಿಯಲ್ಲಿ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಬಾಲ್ಕನಿಯಲ್ಲಿ ನಿಲ್ಲುವ ಹಿರಿಯರನ್ನು ನೋಡಿದರೆ ಆ ಲೆಕ್ಕ ನಂಬಲು ಕಷ್ಟವಾಗುವುದಿಲ್ಲ. ಅವರು ನಿಂತ ಜಾಗದಿಂದ ಒಂದು ಕಿಲೋಮೀಟರಿನಲ್ಲಿ ಪಂಚಾಯಿತಿಯ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಶಾಲೆ ಬಿಟ್ಟ ಮೇಲೆ ಅಲ್ಲಿ ಮಕ್ಕಳು ಬಂದು ಕೂತಿರುತ್ತಾರೆ. ಕಥೆ ಓದಿ ಹೇಳುವವರಿಲ್ಲ. ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಣೆಯಾದ ನಲ್ಲೂರಿನ ಹುಣಸೆತೋಪು ದೇವನಹಳ್ಳಿಯ ಬಳಿಯೇ ಇದೆ, 54 ಎಕರೆ. ಆ ಮಕ್ಕಳನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗುವವರೂ ಇಲ್ಲ.

ಯಾವ ತಯಾರಿಯೂ ಇಲ್ಲದೆ ತಲೆಯ ಮೇಲೆ ಬೀಳುವ ಸೇವೆಯೊಂದಿದೆ. ನಮ್ಮ ಜಿಲ್ಲೆಗೆ ಅದರ ಅಗತ್ಯ ಹೆಚ್ಚು. ನೆಲಮಂಗಲದಲ್ಲಿ ಹೆದ್ದಾರಿ 48, ದೇವನಹಳ್ಳಿಯಲ್ಲಿ 44, ಹೊಸಕೋಟೆಯಲ್ಲಿ 75. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಯವರೆಗೆ ಇನ್ನೊಂದು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ದೇಹ ಎರಡು ಭಾಗವಾಗಿದ್ದ ಯುವಕ ಹರೀಶ್, ನೆರವಿಗೆ ಬಂದವರಿಗೆ ತನ್ನ ಅಂಗಾಂಗ ದಾನ ಮಾಡಿ ಎಂದು ಹೇಳಿ ಪ್ರಾಣ ಬಿಟ್ಟ. ಅವನ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಕೊಡುವ ಯೋಜನೆಯನ್ನು ಅವನ ಹೆಸರಿನಲ್ಲೇ ತಂದಿತು. ಸುಪ್ರೀಂ ಕೋರ್ಟ್ ಅದೇ ವರ್ಷದ ಮಾರ್ಚ್ 30ರಂದು ನೆರವಿಗೆ ಬಂದವರನ್ನು ಕಾಯುವ ಮಾರ್ಗಸೂಚಿಗೆ ಮುದ್ರೆ ಒತ್ತಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಆಸ್ಪತ್ರೆಯವರು ನಿಮ್ಮನ್ನು ಕೂರಿಸಿಕೊಂಡು ದುಡ್ಡು ಕೇಳುವಂತಿಲ್ಲ, ಪೊಲೀಸರು ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ. ‘ಯಾಕಪ್ಪ ಕೋರ್ಟು ಕಚೇರಿ ಸಹವಾಸ’ ಎಂದು ಗಾಡಿ ನಿಲ್ಲಿಸದೆ ಹೋಗುವವರು ಇದನ್ನು ಓದಿ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು. ರಸ್ತೆಯಲ್ಲಿ ಬಿದ್ದವನು ಮಾರಿದವನೋ ಕೊಂಡವನೋ ಬಾಡಿಗೆ ಕೋಣೆಯವನೋ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಎಲ್ಲಿಂದ ಶುರು ಮಾಡುವುದು ಎಂದು ಕೇಳುವ ಲೇಔಟಿನ ಬಂಧುಗಳಿಗೆ ಒಂದು ಮಾತು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೆರೆಯ ಬಗ್ಗೆ, ಶಾಲೆಯ ಬಗ್ಗೆ ಕೇಳಲು ನಿಮ್ಮ ಹೆಸರು ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರಬೇಕು. ಕಾನೂನಿನ ಪ್ರಕಾರ ಗ್ರಾಮಸಭೆ ಎಂದರೆ ಆ ಪಟ್ಟಿಯೇ. ನಿಮ್ಮ ಓಟು ಇನ್ನೂ ಮಲ್ಲೇಶ್ವರದಲ್ಲೋ ಮಂಡ್ಯದಲ್ಲೋ ಇದ್ದರೆ ಫಾರಂ 8 ತುಂಬಿ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಮೊಬೈಲಿನಲ್ಲೂ ಆಗುತ್ತದೆ, ಆದರೆ ಮತಗಟ್ಟೆ ಅಧಿಕಾರಿಯ ಹತ್ತಿರವೇ ಹೋಗಿ ಎಂದು ನಾನು ಹೇಳುವುದು. ನಮ್ಮ ಕಡೆ ಹೆಚ್ಚಾಗಿ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆ ಕೆಲಸ ನೋಡುತ್ತಾರೆ. ನಿಮ್ಮ ಫಾರಂ ನೋಡುತ್ತಲೇ ಅವರು ‘ಶನಿವಾರ ಫ್ರೀ ಇದೀರಾ ಸಾರ್, ನಮ್ಮ ಏಳನೇ ಕ್ಲಾಸಿಗೆ ಸ್ವಲ್ಪ ಗಣಿತ ಹೇಳಿಕೊಡ್ತೀರಾ’ ಎಂದರೆ ಇಲ್ಲ ಎನ್ನಬೇಡಿ.